‘ಬೇರೆ ದಾರಿ ಇರಲಿಲ್ಲ ಸಾರ್’: ಕಾನೂನು ಈ ಮಾತನ್ನು ಯಾವಾಗ ಒಪ್ಪುತ್ತದೆ?

2021ರ ನವೆಂಬರ್ ಮಳೆ ಕೋಲಾರದ ಕಡೆಯವರಿಗೆ ಇನ್ನೂ ನೆನಪಿದೆ. ವರ್ಷಗಟ್ಟಲೆ ಬಿರುಕು ಬಿಟ್ಟು ಬಿದ್ದಿದ್ದ ಕೆರೆಗಳು ಕೋಡಿ ಹರಿದವು. ಬಾಗಿನ ಬಿಡುವ ಸಂಭ್ರಮ ಒಂದು ಕಡೆ, ಏರಿ ಒಡೆದರೆ ಏನು ಗತಿ ಎನ್ನುವ ದಿಗಿಲು ಇನ್ನೊಂದು ಕಡೆ. ಅಂಥ ಮಳೆ ಮತ್ತೆ ಬಂದಿದೆ ಅಂದುಕೊಳ್ಳಿ. ರಾತ್ರಿ ಹೊತ್ತು. ಏರಿಯಲ್ಲಿ ಬಿರುಕು ಕಂಡಿದೆ, ನೀರು ಜಿನುಗುತ್ತಿದೆ, ಕೆಳಗೆ ಐವತ್ತು ಮನೆಗಳಿವೆ. ನೀರುಗಂಟಿ (ಕೆರೆ ನೀರು ನೋಡಿಕೊಳ್ಳುವವನು) ಮತ್ತು ಊರಿನ ನಾಲ್ಕು ಜನ ಸೇರಿ ಜೆಸಿಬಿ ತರಿಸಿ ಕೋಡಿ ಒಡೆಯುತ್ತಾರೆ. ಊರು ಉಳಿಯುತ್ತದೆ. ಆದರೆ ಪಕ್ಕದ ಟೊಮೆಟೊ ತೋಟ, ನಾಳೆಯೋ ನಾಳಿದ್ದೋ ಮಂಡಿಗೆ ಹೋಗಬೇಕಿದ್ದ ಬೆಳೆ, ನೀರುಪಾಲು.

ಈಗ ಇನ್ನೊಂದು ರಾತ್ರಿ. ಬಂಗಾರಪೇಟೆ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡ ಒಬ್ಬ ಹುಡುಗ. ಅಂಗಡಿಯಲ್ಲೇ ಮಲಗಿದ್ದಾನೆ. ಆರು ಜನ ನುಗ್ಗಿ ಕುತ್ತಿಗೆಗೆ ಮಚ್ಚು ಇಡುತ್ತಾರೆ. ಗ್ಯಾಸ್ ಕಟರ್ ಸಮೇತ ಕಾರಿಗೆ ಹತ್ತಿಸಿಕೊಂಡು ಹೋಗಿ ಎಟಿಎಂ ಮುಂದೆ ನಿಲ್ಲಿಸುತ್ತಾರೆ. ಮಚ್ಚು ಕುತ್ತಿಗೆ ಬಿಟ್ಟು ಕದಲುವುದಿಲ್ಲ. ಅವನು ಎಟಿಎಂ ಕತ್ತರಿಸಿ ಕೊಡುತ್ತಾನೆ.

ಎರಡೂ ಊಹೆಯ ಕಥೆಗಳೇ. ಸ್ಟೇಷನ್ನಿನಲ್ಲಿ ಇಬ್ಬರೂ ಹೇಳುವ ಮಾತು ಮಾತ್ರ ಒಂದೇ: ‘ಬೇರೆ ದಾರಿ ಇರಲಿಲ್ಲ ಸಾರ್.’ ಇಬ್ಬರಿಗೂ ಶಿಕ್ಷೆ ತಪ್ಪಬಹುದು. ಆದರೆ ಇಬ್ಬರನ್ನೂ ಕಾನೂನು ನೋಡುವ ರೀತಿ ಬೇರೆ, ಹಾಕುವ ಷರತ್ತು ಬೇರೆ. ನೀರುಗಂಟಿಯದು ಅನಿವಾರ್ಯತೆ. ವೆಲ್ಡಿಂಗ್ ಹುಡುಗನದು ಬಲವಂತ. ನಾವು ಮಾತಾಡುವಾಗ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುತ್ತೇವೆ. ಕೆಲವೊಮ್ಮೆ ಕೋರ್ಟಿನ ವಾದದಲ್ಲೂ ಇವು ಕಲಸಿಹೋಗುತ್ತವೆ.

ಮೊದಲು ಕೆರೆ ಕೋಡಿಯ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 19 ಇದಕ್ಕೆ ಸಂಬಂಧಿಸಿದ್ದು. ಹಳೇ ಐಪಿಸಿಯಲ್ಲಿ ಇದೇ ಸೆಕ್ಷನ್ 81 ಆಗಿತ್ತು. ಅದು ಹೇಳುವುದು ಇಷ್ಟು. ಈ ಕೆಲಸದಿಂದ ಹಾನಿ ಆಗಬಹುದು ಅಂತ ನಿಮಗೆ ಗೊತ್ತಿತ್ತು. ಆದರೂ ಮಾಡಿದಿರಿ. ಹಾನಿ ಮಾಡಬೇಕು ಅನ್ನುವ ಕೆಟ್ಟ ಉದ್ದೇಶ ನಿಮಗಿರಲಿಲ್ಲ, ಬೇರೊಂದು ಹಾನಿ ತಪ್ಪಿಸಲು ಒಳ್ಳೆ ಮನಸ್ಸಿನಿಂದಲೇ ಮಾಡಿದಿರಿ. ಹಾಗಿದ್ದರೆ, ‘ಹಾನಿ ಆಗುತ್ತೆ ಅಂತ ಗೊತ್ತಿತ್ತಲ್ಲ’ ಅನ್ನುವ ಒಂದೇ ಕಾರಣಕ್ಕೆ ಅದು ಅಪರಾಧ ಆಗುವುದಿಲ್ಲ.

ಗೊತ್ತಿರುವುದು ಬೇರೆ, ಬೇಕೆಂದು ಮಾಡುವುದು ಬೇರೆ. ಇಡೀ ಸೆಕ್ಷನ್ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಕೋಡಿ ಒಡೆದರೆ ತೋಟ ಮುಳುಗುತ್ತದೆ ಅಂತ ನೀರುಗಂಟಿಗೆ ಗೊತ್ತು. ಆದರೆ ತೋಟ ಮುಳುಗಿಸಬೇಕು ಅಂತ ಅವನು ಕೋಡಿ ಒಡೆಯಲಿಲ್ಲ. ಹಾಗಲ್ಲದೆ ಸುಮ್ನೆ ನೀರು ನುಗ್ಗಿಸಿ ಇನ್ನೊಬ್ಬರ ಆಸ್ತಿ ಹಾಳು ಮಾಡಿದರೆ ಸೆಕ್ಷನ್ 326ರಲ್ಲಿ ಐದು ವರ್ಷದವರೆಗೆ ಜೈಲಾಗಬಹುದು.

ಸೆಕ್ಷನ್ನಿನ ಜೊತೆಗೇ ಎರಡು ಉದಾಹರಣೆಗಳನ್ನು ಕೊಟ್ಟಿದ್ದಾರೆ. ಒಂದು ಹಡಗಿನದು. ಕ್ಯಾಪ್ಟನ್ನಿನ ತಪ್ಪೇನೂ ಇಲ್ಲ. ಆದರೂ ಎದುರಿಗೆ 20–30 ಜನರಿರುವ ದೋಣಿ ಬಂದುಬಿಟ್ಟಿದೆ, ಹಡಗು ನಿಲ್ಲಿಸಲು ಸಮಯವಿಲ್ಲ. ತಿರುಗಿಸಿದರೆ ಇಬ್ಬರೇ ಇರುವ ಇನ್ನೊಂದು ದೋಣಿಗೆ ಬಡಿಯುವ ಅಪಾಯ. ಅವನು ತಿರುಗಿಸಿದರೆ ಅಪರಾಧವಲ್ಲ. ಇನ್ನೊಂದು ಬೆಂಕಿಯದು. ದೊಡ್ಡ ಬೆಂಕಿ ಹಬ್ಬದಂತೆ ತಡೆಯಲು ನಡುವಿನ ಮನೆಗಳನ್ನು ಕೆಡವಿದರೆ ಅದೂ ಅಪರಾಧವಲ್ಲ. ಇಂಗ್ಲಿಷರ ಕಾಲದಲ್ಲಿ, 1860ರಲ್ಲಿ, ಬರೆದ ಉದಾಹರಣೆಗಳಿವು. ನಮ್ಮ ಕಡೆ ಕೂತು ಬರೆದಿದ್ದರೆ ಕೆರೆ ಏರಿಯನ್ನೇ ಬರೆಯುತ್ತಿದ್ದರೇನೋ.

ನೀರುಗಂಟಿಯನ್ನು ಕೋರ್ಟ್ ಸುಲಭವಾಗಿ ಬಿಟ್ಟುಬಿಡುತ್ತದೆ ಎಂದು ಇದರ ಅರ್ಥವಲ್ಲ. ಏರಿ ನಿಜವಾಗಲೂ ಒಡೆಯುವ ಸ್ಥಿತಿಯಲ್ಲಿತ್ತಾ? ಬೆಳಗ್ಗೆವರೆಗೆ ಕಾಯಬಹುದಿತ್ತಾ? ತೂಬು ತೆಗೆದರೆ ಸಾಕಾಗುತ್ತಿತ್ತಾ? ಮರಳು ಚೀಲ ಹಾಕಿ ನೋಡಿದರಾ? ಅಪಾಯ ಎಷ್ಟು ದೊಡ್ಡದಿತ್ತು, ಎಷ್ಟು ಹತ್ತಿರ ಬಂದಿತ್ತು ಅನ್ನುವುದನ್ನು ಪ್ರತಿ ಪ್ರಕರಣದಲ್ಲೂ ಸಾಕ್ಷಿ ನೋಡಿಯೇ ತೀರ್ಮಾನಿಸಬೇಕು ಅಂತ ಸೆಕ್ಷನ್ನಿನ ವಿವರಣೆಯೇ ಹೇಳುತ್ತದೆ. ಊರಿಗೆ ಅಪಾಯ ಏನೂ ಇರಲಿಲ್ಲ, ಹಿನ್ನೀರಿನಲ್ಲಿ ಮುಳುಗುತ್ತಿದ್ದ ತಮ್ಮದೇ ರಾಗಿ ಹೊಲ ಉಳಿಸಿಕೊಳ್ಳಲು ಇನ್ನೊಬ್ಬನ ತೋಟ ಬಲಿ ಕೊಟ್ಟರು ಅಂತಾದರೆ ಕಥೆ ಬೇರೆಯೇ ಆಗುತ್ತದೆ. ಇನ್ನೊಂದು ಮಾತು: ಕ್ರಿಮಿನಲ್ ಕೇಸಿನಿಂದ ಪಾರಾದ ಮಾತ್ರಕ್ಕೆ ತೋಟದವನ ನಷ್ಟದ ಪ್ರಶ್ನೆ ಮುಗಿಯುವುದಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ಒಳ್ಳೆ ಕಾರಣಕ್ಕೇ ಮಾಡಿದೆ ಅನ್ನುವ ವಾದ ಎಲ್ಲಿ ಬಿದ್ದುಹೋಗುತ್ತದೆ ಎನ್ನುವುದಕ್ಕೆ 1868ರ ಬಾಂಬೆ ಹೈಕೋರ್ಟಿನ ಒಂದು ತೀರ್ಪಿದೆ. ಒಬ್ಬ ಮರಕ್ಕೆ ಕಟ್ಟಿದ ಹೆಂಡದ ಮಡಕೆಗಳಿಂದ ಯಾರೋ ದಿನಾ ಹೆಂಡ ಕದಿಯುತ್ತಿದ್ದರು. ಕಳ್ಳನನ್ನು ಹಿಡಿಯಬೇಕು ಅಂತ ಅವನು ಮಡಕೆಗೆ ಕಳ್ಳಿ ಹಾಲು ಬೆರೆಸಿದ. ಆ ಹೆಂಡ ಯಾರದೋ ಕೈಯಿಂದ ಕೆಲವು ಸೈನಿಕರಿಗೆ ಮಾರಾಟವಾಯಿತು. ಅವರು ಕುಡಿದು ಕಾಯಿಲೆ ಬಿದ್ದರು. ‘ನನ್ನ ಸೊತ್ತು ಕಾಪಾಡಿಕೊಳ್ಳಲು ಮಾಡಿದೆ’ ಅನ್ನುವುದನ್ನು ಕೋರ್ಟ್ ಒಪ್ಪಲಿಲ್ಲ. ಕುಡಿದವನಿಗೆ ಹಾನಿ ಆಗಲಿ ಅಂತಲೇ ಬೆರೆಸಿದ್ದು ತಾನೇ? ಉದ್ದೇಶವೇ ಹಾನಿಯದಾದ ಮೇಲೆ ಸೆಕ್ಷನ್ 81ರ ನೆರಳು ಅವನಿಗೆ ಸಿಗಲಿಲ್ಲ.

ಹಸಿವಿನ ಪ್ರಶ್ನೆ ಇಲ್ಲಿ ಯಾವಾಗಲೂ ಬರುತ್ತದೆ. ಹೊಟ್ಟೆಗಿಲ್ಲದೆ ಕದ್ದರೆ? ಇಟಲಿಯ ಉನ್ನತ ನ್ಯಾಯಾಲಯ 2016ರಲ್ಲಿ ಮನೆಮಠ ಇಲ್ಲದ ಒಬ್ಬನನ್ನು ಬಿಟ್ಟಿತು. ಅವನು ಸೂಪರ್ ಮಾರ್ಕೆಟ್ಟಿನಲ್ಲಿ ಸುಮಾರು 4 ಯೂರೋ ಬೆಲೆಯ ಚೀಸು, ಸಾಸೇಜು ಕದ್ದಿದ್ದ. ಆ ಹೊತ್ತಿನ ಹಸಿವಿಗೆ ಬೇಕಾದಷ್ಟನ್ನೇ ತೆಗೆದಿದ್ದಾನೆ, ಇದು ಅನಿವಾರ್ಯತೆ ಅಂತ ಕೋರ್ಟ್ ಹೇಳಿತು. ಇಂಗ್ಲೆಂಡಿನ ಕಾನೂನು ಇದಕ್ಕೆ ಉಲ್ಟಾ. ಹಸಿವನ್ನು ಒಪ್ಪಿದರೆ ಎಲ್ಲರೂ ಅದನ್ನೇ ಹೇಳಿಕೊಂಡು ಬರುತ್ತಾರೆ ಅನ್ನುವುದು ಅಲ್ಲಿನ ಹಳೇ ಅಂಜಿಕೆ. ನಮ್ಮಲ್ಲೂ ಹಸಿವು ಅಂದ ಕೂಡಲೇ ಸೆಕ್ಷನ್ 19 ಕೈಗೆ ಸಿಗುವುದಿಲ್ಲ, ಯಾಕೆಂದರೆ ಕದಿಯುವುದರಲ್ಲಿ ಉದ್ದೇಶ ಇದ್ದೇ ಇರುತ್ತದೆ. ಒಂದು ಬನ್ನು ಎತ್ತಿಕೊಂಡ ಮಗುವಿನ ವಿಷಯದಲ್ಲಿ ವಕೀಲರು ಸೆಕ್ಷನ್ 33ರ ಕಡೆ ನೋಡಬಹುದು. ಯಾರೂ ದೂರು ಕೊಡದಷ್ಟು ಸಣ್ಣ ಹಾನಿಯನ್ನು ಅಪರಾಧ ಎನ್ನಬಾರದು ಅಂತ ಅದು ಹೇಳುತ್ತದೆ.

ಈಗ ವೆಲ್ಡಿಂಗ್ ಹುಡುಗನ ಕಡೆ ಬರೋಣ. ಅವನಿಗೆ ಸಂಬಂಧಿಸಿದ್ದು ಸೆಕ್ಷನ್ 32, ಹಳೇ ಐಪಿಸಿಯ 94. ಇದನ್ನು ಓದುವಾಗ ಒಂದೊಂದು ಪದದ ಮೇಲೂ ನಿಲ್ಲಬೇಕು. ಬೆದರಿಕೆ ಹಾಕಿ ಮಾಡಿಸಿದ್ದಾಗಿರಬೇಕು. ಆ ಬೆದರಿಕೆ ಕೆಲಸ ಮಾಡುವ ಆ ಹೊತ್ತಿನಲ್ಲೇ ಇರಬೇಕು. ಮಾಡದಿದ್ದರೆ ತಕ್ಷಣ ಸಾವು ಅನ್ನುವ ಭಯ ಹುಟ್ಟಿರಬೇಕು, ಆ ಭಯಕ್ಕೆ ಸರಿಯಾದ ಕಾರಣವೂ ಇರಬೇಕು. ಸಾವು ಅಂದರೆ ಮಾಡುವವನದೇ ಸಾವು. ಕೊಲೆಗೆ ಇದು ಅನ್ವಯಿಸುವುದಿಲ್ಲ. ಮರಣದಂಡನೆ ಇರುವ ದೇಶದ್ರೋಹದಂಥ ಅಪರಾಧಗಳಿಗೂ ಇಲ್ಲ. ಕೊನೆಗೆ, ಆ ಸ್ಥಿತಿಗೆ ಅವನು ತಾನಾಗಿ ಹೋಗಿ ಸಿಕ್ಕಿಕೊಂಡಿರಬಾರದು.

ಇಲ್ಲೂ ಸೆಕ್ಷನ್ನೇ ಉದಾಹರಣೆ ಕೊಡುತ್ತದೆ, ಅದು ನಮ್ಮ ಹುಡುಗನ ಕಥೆಯೇ. ದರೋಡೆಕೋರರು ಒಬ್ಬ ಕಮ್ಮಾರನನ್ನು ಹಿಡಿದು, ಈಗಲೇ ಕೊಲ್ಲುತ್ತೇವೆ ಅಂತ ಹೆದರಿಸಿ, ಅವನ ಹತಾರಗಳಿಂದಲೇ ಮನೆಯೊಂದರ ಬಾಗಿಲು ಒಡೆಸುತ್ತಾರೆ. ಕಮ್ಮಾರನಿಗೆ ರಕ್ಷಣೆ ಇದೆ. ಅದರ ಪಕ್ಕದಲ್ಲೇ ಇನ್ನೊಬ್ಬನಿದ್ದಾನೆ. ಹೊಡೀತೀವಿ ಅಂದಿದ್ದಕ್ಕೆ ಹೆದರಿಯೋ, ತಾನಾಗಿಯೋ, ಗ್ಯಾಂಗು ಎಂಥದು ಅಂತ ಗೊತ್ತಿದ್ದೂ ಸೇರಿಕೊಂಡವನು. ಆಮೇಲೆ ಗ್ಯಾಂಗಿನವರು ಅವನ ತಲೆಗೇ ಬಂದೂಕು ಇಟ್ಟು ಕೆಲಸ ಮಾಡಿಸಿದರೂ ಅವನಿಗೆ ರಕ್ಷಣೆ ಇಲ್ಲ. ಅವನು ಒಳಗೆ ಕಾಲಿಟ್ಟ ದಿನವನ್ನೇ ಕಾನೂನು ಮೊದಲು ನೋಡುತ್ತದೆ.

ಇದನ್ನು ನಮ್ಮ ಜಿಲ್ಲೆಯ ದಿನನಿತ್ಯದ ಕೇಸುಗಳಿಗೆ ಹಚ್ಚಿ ನೋಡಿ. ರಾತ್ರಿ ಫಿಲ್ಟರ್ ಮರಳು (ಮಣ್ಣು ತೊಳೆದು ಅಕ್ರಮವಾಗಿ ತೆಗೆದ ಮರಳು) ಸಾಗಿಸುವ ಟಿಪ್ಪರ್ ಡ್ರೈವರ್ ಸಿಕ್ಕಿಬೀಳುತ್ತಾನೆ. ‘ಓನರ್ ಹೇಳಿದ್ರು ಸಾರ್, ಹೋಗಲ್ಲ ಅಂದ್ರೆ ಕೆಲಸದಿಂದ ತೆಗೀತೀನಿ ಅಂದ್ರು.’ ಪಾಪ ಅನಿಸುತ್ತದೆ. ಆದರೆ ಕೆಲಸ ಹೋಗುವ ಭಯ ಸೆಕ್ಷನ್ 32ರ ಒಳಗೆ ಬರುವುದಿಲ್ಲ. ‘ಕೈಕಾಲು ಮುರೀತೀನಿ’ ಅಂದಿದ್ದರೂ ಬರುವುದಿಲ್ಲ. ‘ನಾಳೆ ನೋಡ್ಕೋತೀನಿ, ಮುಗಿಸಿಬಿಡ್ತೀನಿ’ ಅಂದಿದ್ದರೂ ಕಷ್ಟವೇ, ಯಾಕೆಂದರೆ ನಾಳೆ ಅನ್ನುವುದು ತಕ್ಷಣ ಅಲ್ಲ. ಆ ನಡುವೆ 112ಕ್ಕೆ ಫೋನ್ ಮಾಡಬಹುದಿತ್ತಲ್ಲ ಅಂತ ಸರ್ಕಾರಿ ವಕೀಲರು ಕೇಳಿಯೇ ಕೇಳುತ್ತಾರೆ. ಹಾಗಂತ ಸೆಕ್ಷನ್ 32 ಇರುವುದು ಸಂಹಿತೆಯ ಅಪರಾಧಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಗಣಿ ಕಾಯ್ದೆಯಂಥ ವಿಶೇಷ ಕಾನೂನುಗಳ ಅಪರಾಧಗಳಿಗೂ ಈ ವಿನಾಯಿತಿಗಳು ಅನ್ವಯಿಸುತ್ತವೆ. ಡ್ರೈವರಿನ ತೊಡಕು ಅದಲ್ಲ. ಅವನಿಗಿದ್ದ ಭಯ ಕಾನೂನು ಕೇಳುವ ಅಳತೆಗೆ ಸಾಲದು.

ಬ್ಯಾಂಕ್ ಅಕೌಂಟ್ ಬಾಡಿಗೆಗೆ ಕೊಡುವ ಕಾಲೇಜು ಹುಡುಗರ ಕಥೆಯೂ ಇದೇ. ಕಮಿಷನ್ ಸಿಗುತ್ತೆ ಅಂತ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಎಲ್ಲಾ ಕೊಟ್ಟಿರುತ್ತಾರೆ. ಸೈಬರ್ ವಂಚನೆಯ ದುಡ್ಡು ಆ ಅಕೌಂಟಿನಲ್ಲಿ ಓಡಾಡುತ್ತದೆ. ಹೆದರಿ ವಾಪಸ್ ಕೇಳಿದಾಗ ಆ ಕಡೆಯವರು ಬೆದರಿಸುತ್ತಾರೆ. ಬೆದರಿಕೆ ನಿಜವೇ ಇರಬಹುದು. ಆದರೆ ಬಾಗಿಲು ತೆಗೆದುಕೊಂಡು ಒಳಗೆ ಹೋದವನು ಅವನೇ ಅಲ್ವಾ? ಏನೂ ಗೊತ್ತಿಲ್ಲದೆ ಮೋಸ ಹೋಗಿದ್ದರೆ ಆ ವಾದ ಬೇರೆ. ಅದು ಬಲವಂತದ ವಾದವಲ್ಲ, ಅಪರಾಧದ ಅರಿವೇ ಇರಲಿಲ್ಲ ಅನ್ನುವ ವಾದ.

ಹಾಗಾದರೆ ಎರಡರ ನಡುವಿನ ನಿಜವಾದ ಗಡಿ ಎಲ್ಲಿದೆ? ನನ್ನ ಪ್ರಕಾರ, ಆಯ್ಕೆ ಯಾರದು ಅನ್ನುವುದರಲ್ಲಿದೆ. ಕೋಡಿ ಒಡೆದ ನೀರುಗಂಟಿ ಎರಡು ಹಾನಿಗಳನ್ನು ತೂಗಿ ಸಣ್ಣದನ್ನು ಆರಿಸಿಕೊಂಡ. ಅದು ಅವನದೇ ತೀರ್ಮಾನ. ಅವನನ್ನು ಬಿಡುವಾಗ ಕಾನೂನು ಒಂದರ್ಥದಲ್ಲಿ ‘ನೀನು ಮಾಡಿದ್ದು ಸರಿ’ ಅನ್ನುತ್ತದೆ. ವೆಲ್ಡಿಂಗ್ ಹುಡುಗ ಏನನ್ನೂ ತೂಗಲಿಲ್ಲ. ಎಟಿಎಂ ಒಡೆದಿದ್ದರಿಂದ ಜಗತ್ತಿಗೇನೂ ಒಳ್ಳೆಯದಾಗಲಿಲ್ಲ. ತೀರ್ಮಾನ ಗ್ಯಾಂಗಿನದು, ಕೈ ಮಾತ್ರ ಇವನದು. ಇವನನ್ನು ಬಿಡುವಾಗ ಕಾನೂನು ‘ಆಗಿದ್ದು ತಪ್ಪೇ, ಆದರೆ ನಿನ್ನ ಮೇಲೆ ಹೊರಿಸುವುದಿಲ್ಲ’ ಅನ್ನುತ್ತದೆ.

ಇದರಿಂದ ಕೋರ್ಟಿನಲ್ಲಿ ಆಗುವ ವ್ಯತ್ಯಾಸ ದೊಡ್ಡದು. ಕೆರೆ ಕೇಸಿನಲ್ಲಿ ನೀರುಗಂಟಿ ಬಿಡುಗಡೆ ಆದರೆ ಅಲ್ಲಿಗೆ ಮುಗಿಯಿತು, ಜೈಲಿಗೆ ಹೋಗಬೇಕಾದ ಇನ್ನೊಬ್ಬ ಇಲ್ಲ. ಮಳೆಯ ಮೇಲೆ ಎಫ್‌ಐಆರ್ ಹಾಕೋಕಾಗಲ್ಲ. ಎಟಿಎಂ ಕೇಸಿನಲ್ಲಿ ಹುಡುಗ ಬಿಡುಗಡೆ ಆದರೂ ಅಪರಾಧ ಹಾಗೇ ಉಳಿದಿರುತ್ತದೆ, ಮಚ್ಚು ಹಿಡಿದವರ ತಲೆ ಮೇಲೆ. ಪ್ರಚೋದನೆಯ ಬಗ್ಗೆ ಹೇಳುವ ಸೆಕ್ಷನ್ 46 ಇದನ್ನು ಬಿಡಿಸಿ ಹೇಳುತ್ತದೆ. ಮಾಡಿದವನು ಶಿಕ್ಷೆಗೆ ಒಳಗಾಗದವನಾದರೂ ಮಾಡಿಸಿದವನು ತಪ್ಪಿಸಿಕೊಳ್ಳುವಂತಿಲ್ಲ. ಆದ್ದರಿಂದ ಅನಿವಾರ್ಯತೆಯ ಕೇಸಿನಲ್ಲಿ ವಕೀಲರು ತೋರಿಸಬೇಕಾದದ್ದು ಏನು ಉಳಿಯಿತು ಅನ್ನುವುದನ್ನು. ಬಲವಂತದ ಕೇಸಿನಲ್ಲಿ ಯಾರು ಹೆದರಿಸಿದರು, ಎಷ್ಟು ಹತ್ತಿರದಿಂದ ಅನ್ನುವುದನ್ನು.

ಕೊಲೆಯ ವಿಷಯಕ್ಕೆ ಬಂದರೆ ಎರಡೂ ಕಡೆ ಕಾನೂನು ಗಟ್ಟಿಯಾಗುತ್ತದೆ. 1884ರಲ್ಲಿ ಮಿನ್ಯೊನೆಟ್ ಅನ್ನುವ ಇಂಗ್ಲೆಂಡಿನ ಹಾಯಿಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ನಾಲ್ಕು ಜನ ಒಂದು ಸಣ್ಣ ದೋಣಿಯಲ್ಲಿ ಉಳಿದರು. ಮೂರು ವಾರದ ಹತ್ತಿರ ಬಂತು, ಕುಡಿಯಲು ನೀರಿಲ್ಲ, ಊಟವಿಲ್ಲ. ಕ್ಯಾಪ್ಟನ್ ಡಡ್ಲಿ ಮತ್ತು ಜೊತೆಗಾರ ಸ್ಟೀಫನ್ಸ್ ಸೇರಿ, ಕಾಯಿಲೆ ಬಿದ್ದು ಮಲಗಿದ್ದ 17 ವರ್ಷದ ಹುಡುಗನನ್ನು ಕೊಂದು ತಿಂದರು. ನಾಲ್ಕು ದಿನಕ್ಕೆ ಬೇರೆ ಹಡಗು ಬಂದು ಉಳಿದವರನ್ನು ಕಾಪಾಡಿತು. ಇವರು ಊರಿಗೆ ಬಂದು ಆಗಿದ್ದನ್ನು ಮುಚ್ಚಿಡದೆ ಹೇಳಿದರು. ನ್ಯಾಯಾಧೀಶರು ಅನಿವಾರ್ಯತೆಯನ್ನು ಒಪ್ಪದೆ ಗಲ್ಲುಶಿಕ್ಷೆ ಕೊಟ್ಟರು. ಆಮೇಲೆ ಅದನ್ನು ಆರು ತಿಂಗಳ ಜೈಲಿಗೆ ಇಳಿಸಿದರು. ಯಾರ ಜೀವ ಕಡಿಮೆ ಬೆಲೆಯದು ಅಂತ ತೀರ್ಮಾನಿಸಲು ನೀವ್ಯಾರು ಅನ್ನುವುದೇ ಅಲ್ಲಿನ ಪ್ರಶ್ನೆಯಾಗಿತ್ತು.

ನಮ್ಮ ಸೆಕ್ಷನ್ 32 ಕೂಡ ಕೊಲೆಯನ್ನು ಹೆಸರಿಟ್ಟೇ ಹೊರಗಿಡುತ್ತದೆ. ‘ಅವನನ್ನು ಕೊಲ್ಲು, ಇಲ್ಲಾಂದ್ರೆ ನಿನ್ನನ್ನು ಕೊಲ್ತೀವಿ’ ಅಂದರೂ ಕೊಲ್ಲುವಂತಿಲ್ಲ. ನನಗೆ ಇಲ್ಲಿ ತುಂಬ ಕಠಿಣ ಅನಿಸುವುದು ಶಿಕ್ಷೆಯ ಲೆಕ್ಕ. ಕೊಲೆಗೆ ಇರುವುದು ಎರಡೇ: ಮರಣದಂಡನೆ, ಇಲ್ಲವೇ ಜೀವಾವಧಿ. ನ್ಯಾಯಾಧೀಶರಿಗೆ ಎಷ್ಟೇ ಕನಿಕರ ಬಂದರೂ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಉಳಿಯುವುದು ಸಂವಿಧಾನದ 72 ಮತ್ತು 161ನೇ ವಿಧಿಗಳಲ್ಲಿ ರಾಷ್ಟ್ರಪತಿ, ರಾಜ್ಯಪಾಲರಿಗಿರುವ ಕ್ಷಮಾದಾನದ ಅಧಿಕಾರ. ಆದರೆ ಕೊಲೆ ಆದ ಮೇಲೆ ಮಚ್ಚು ತೋರಿಸಿ ಹೆಣ ಹೂಳಿಸಿದರೆ? ಸಾಕ್ಷ್ಯ ನಾಶ ಸೆಕ್ಷನ್ 238ರ ಅಪರಾಧ, ಕೊಲೆಯಲ್ಲ. ಅಲ್ಲಿ ಸೆಕ್ಷನ್ 32ರ ವಾದ ಮಾಡಬಹುದು. ಯಾವ ಸೆಕ್ಷನ್ ಹಾಕಿದ್ದಾರೆ ಅಂತ ಚಾರ್ಜ್‌ಶೀಟನ್ನು ಮೊದಲು ನೋಡಿ ಎಂದು ವಕೀಲರು ಹೇಳುವುದು ಇದಕ್ಕೇ.

ಇನ್ನು ನಮ್ಮ ಕಾನೂನಿನ ಅತಿ ದೊಡ್ಡ ಕಂದಕ. ‘ನಿನ್ನ ಮಗಳು ನಮ್ಮ ಹತ್ರ ಇದ್ದಾಳೆ. ಲಾಕರ್ ಕೀ ತಂದುಕೊಡು.’ ಬ್ಯಾಂಕ್ ಕ್ಯಾಷಿಯರ್ ತಂದುಕೊಡುತ್ತಾನೆ. ಯಾವ ತಂದೆ ಕೊಡುವುದಿಲ್ಲ ಹೇಳಿ? ಆದರೆ ಸೆಕ್ಷನ್ 32ರಲ್ಲಿ ಇರುವುದು ಮಾಡುವವನ ಸಾವಿನ ಭಯ ಮಾತ್ರ. ಹೆಂಡತಿ, ಮಕ್ಕಳು, ತಾಯಿ ಯಾರೂ ಅಲ್ಲಿಲ್ಲ. ತನ್ನ ಜೀವಕ್ಕೆ ಹೆದರಿದವನಿಗೆ ರಕ್ಷಣೆ, ಮಗುವಿನ ಜೀವಕ್ಕೆ ಹೆದರಿದವನಿಗೆ ಇಲ್ಲ. ಇದು ಸರಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ಇಂಗ್ಲೆಂಡಿನಲ್ಲಿ ಮನೆಯವರ ಮೇಲಿನ ಬೆದರಿಕೆಯೂ ಲೆಕ್ಕಕ್ಕಿದೆ. ‘ತಕ್ಷಣ’ ಅನ್ನುವುದನ್ನೂ ಅಲ್ಲಿ ಸ್ವಲ್ಪ ಸಡಿಲ ಮಾಡಿದ್ದರು. 1971ರ ಒಂದು ಪ್ರಕರಣದಲ್ಲಿ ಹದಿಹರೆಯದ ಇಬ್ಬರು ಹುಡುಗಿಯರು ಸಾಕ್ಷಿ ಕಟ್ಟೆಯಲ್ಲಿ ಸುಳ್ಳು ಹೇಳಿದ್ದರು. ಬೆದರಿಸಿದ ಗುಂಪಿನವನೊಬ್ಬ ಅಲ್ಲೇ ಕೋರ್ಟಿನಲ್ಲಿ ಕೂತಿದ್ದ. ಕೋರ್ಟ್ ಹಾಲಿನ ಒಳಗೆ ಅವನು ಏನೂ ಮಾಡುವಂತಿರಲಿಲ್ಲ, ನಿಜ. ಆದರೂ ಆ ರಾತ್ರಿ ಬೀದಿಯಲ್ಲಿ ಮಾಡಬಹುದಿತ್ತು ಅಂತ ಮೇಲ್ಮನವಿ ನ್ಯಾಯಾಲಯ ಅವರ ಶಿಕ್ಷೆ ರದ್ದು ಮಾಡಿತು.

ಹಾಗಿದ್ದರೆ ನಮ್ಮ ಕ್ಯಾಷಿಯರ್ ಸೆಕ್ಷನ್ 19ಕ್ಕೆ ಬರಬಹುದಾ? ಅಲ್ಲಿ ‘ಬೇರೊಂದು ಹಾನಿ’ ಅಂತಷ್ಟೇ ಇದೆ. ಹಾನಿ ಮಳೆಯಿಂದ ಬರಬೇಕು, ಮನುಷ್ಯನಿಂದ ಬರಬಾರದು ಅಂತೇನೂ ಇಲ್ಲ. ಮಗುವಿನ ಜೀವ ದೊಡ್ಡದಾ, ಲಾಕರಿನ ಒಡವೆ ದೊಡ್ಡದಾ ಅಂತ ತೂಗಿದೆ ಅಂತ ವಾದಿಸಲು ಜಾಗ ಇದೆ. ಎದುರಾಳಿ ವಕೀಲರು ಸುಮ್ಮನೆ ಕೂರುವುದಿಲ್ಲ. ಬೆದರಿಕೆಗೆ ಅಂತಲೇ ಕಾನೂನು ಪ್ರತ್ಯೇಕ ಸೆಕ್ಷನ್ ಬರೆದು ಗಡಿ ಹಾಕಿರುವಾಗ ಹಿಂದಿನ ಬಾಗಿಲಿಂದ ಬರುವಂತಿಲ್ಲ ಅನ್ನುತ್ತಾರೆ. ಅನಿವಾರ್ಯತೆ ಮತ್ತು ಬಲವಂತದ ಗಡಿ ಮಸುಕಾಗುವ ಜಾಗ ಇದು. ಇಂಥ ಕೇಸಿನಲ್ಲಿ ಕ್ಯಾಷಿಯರಿಗೆ ಕದಿಯುವ ಉದ್ದೇಶವೇ ಇರಲಿಲ್ಲ ಅನ್ನುವ ನೇರ ವಾದವೂ ಇದೆ. ಅದೂ ಸೋತರೆ ಶಿಕ್ಷೆ ಕಡಿಮೆ ಮಾಡಿ ಅಂತ ಕೇಳುವುದೊಂದೇ ಉಳಿಯುತ್ತದೆ.

ಇತ್ತೀಚೆಗೆ ಇದೇ ಇಕ್ಕಟ್ಟು ದೊಡ್ಡ ಪ್ರಮಾಣದಲ್ಲಿ ಬಂದಿದೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಕರೆದುಕೊಂಡು ಹೋಗಿ, ಮ್ಯಾನ್ಮಾರ್, ಕಾಂಬೋಡಿಯಾಗಳ ಕಾಂಪೌಂಡುಗಳಲ್ಲಿ ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸುವ ದಂಧೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ, ಹೊಡೆಯುತ್ತಾರೆ. ಆದರೆ ಪ್ರತಿ ಕರೆ ಮಾಡುವಾಗಲೂ ಕುತ್ತಿಗೆಗೆ ಮಚ್ಚು ಇರುವುದಿಲ್ಲ. ಪದ ಹಿಡಿದು ಓದಿದರೆ ಸೆಕ್ಷನ್ 32 ಅವರ ಕೈ ಹಿಡಿಯುವುದು ಕಷ್ಟ. ಇಂಗ್ಲೆಂಡ್ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ ಸೆಕ್ಷನ್ 45ರಲ್ಲಿ ಇಂಥವರಿಗೆ ಬೇರೆಯದೇ ರಕ್ಷಣೆ ಕೊಟ್ಟಿದೆ. ಸಾವಿನ ಭಯ ಬೇಕಿಲ್ಲ, ಗುಲಾಮಗಿರಿಯಿಂದ ಹುಟ್ಟಿದ ಒತ್ತಾಯ ಸಾಕು. ಅದೇ ಸ್ಥಿತಿಯಲ್ಲಿದ್ದ ಸಾಮಾನ್ಯ ಮನುಷ್ಯನಿಗೆ ಬೇರೆ ದಾರಿ ಇರುತ್ತಿತ್ತಾ ಅಂತ ಕೇಳುತ್ತದೆ. ಕೊಲೆ, ದರೋಡೆಯಂಥ ದೊಡ್ಡ ಅಪರಾಧಗಳನ್ನು ಹೊರಗಿಟ್ಟಿದೆ. ನಮಗೂ ಇಂಥದ್ದೊಂದು ಬೇಕು.

ಕೊನೆಯದಾಗಿ ಸಾಬೀತಿನ ಮಾತು. ವಿನಾಯಿತಿ ಕೇಳುವವನೇ ಅದನ್ನು ತೋರಿಸಬೇಕು ಅಂತ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 108 ಹೇಳುತ್ತದೆ. ಪೊಲೀಸರ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕಿಲ್ಲ. ಹೀಗೇ ಆಗಿರುವ ಸಾಧ್ಯತೆ ಜಾಸ್ತಿ ಅಂತ ನ್ಯಾಯಾಧೀಶರಿಗೆ ಅನಿಸಿದರೆ ಸಾಕು. ಅದಕ್ಕೆ ಘಟನೆ ಆದ ಮೇಲೆ ನೀವು ಏನು ಮಾಡಿದಿರಿ ಅನ್ನುವುದೇ ದೊಡ್ಡ ಸಾಕ್ಷಿ. ಕೋಡಿ ಒಡೆಯುವ ಮೊದಲು ತಹಸೀಲ್ದಾರರಿಗೆ ಫೋನ್ ಮಾಡಿದ ಕಾಲ್ ಲಿಸ್ಟ್, ಏರಿ ಬಿರುಕಿನ ವಿಡಿಯೋ ನೀರುಗಂಟಿಯನ್ನು ಕಾಪಾಡುತ್ತವೆ. ಬಿಟ್ಟ ಕೂಡಲೇ ಸ್ಟೇಷನ್ನಿಗೆ ಓಡಿದ್ದು ವೆಲ್ಡಿಂಗ್ ಹುಡುಗನನ್ನು ಕಾಪಾಡುತ್ತದೆ. ಕೈಗೆ ಹತ್ತು ಸಾವಿರ ತುರುಕಿದ್ದನ್ನು ಇಟ್ಟುಕೊಂಡು ಸುಮ್ಮನಿದ್ದರೆ ಅದೇ ಮುಳುವಾಗುತ್ತದೆ.

ಅಮೆರಿಕದ ಪ್ಯಾಟಿ ಹರ್ಸ್ಟ್ ಕೇಸು ಇದಕ್ಕೆ ಒಳ್ಳೆ ಪಾಠ. ದೊಡ್ಡ ಪತ್ರಿಕಾ ಮನೆತನದ ಹುಡುಗಿ. 1974ರ ಫೆಬ್ರವರಿಯಲ್ಲಿ ಒಂದು ಉಗ್ರ ಗುಂಪು ಆಕೆಯನ್ನು ಅಪಹರಿಸಿತು. ಏಪ್ರಿಲ್‌ನಲ್ಲಿ ಅದೇ ಗುಂಪಿನ ಜೊತೆ ಬಂದೂಕು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕ್ ದರೋಡೆಯಲ್ಲಿ ಕ್ಯಾಮೆರಾಗೆ ಸಿಕ್ಕಳು. ಬಲವಂತ ಅಂತ ಆಕೆಯ ವಕೀಲರು ವಾದಿಸಿದರು. ಅಪಹರಣ ಆಗಿದ್ದಂತೂ ಎಲ್ಲರಿಗೂ ಗೊತ್ತಿತ್ತು. ಆದರೆ ಮೇ ತಿಂಗಳಲ್ಲಿ, ಒಬ್ಬಳೇ ವ್ಯಾನಿನಲ್ಲಿ ಕೂತಿದ್ದಾಗ, ಅಂಗಡಿಯೊಂದರಲ್ಲಿ ಸಿಕ್ಕಿಬಿದ್ದ ಗುಂಪಿನವರನ್ನು ಬಿಡಿಸಲು ಆಕೆ ಗುಂಡು ಹಾರಿಸಿದ್ದಳು. ಓಡಿಹೋಗಬಹುದಿತ್ತು, ಓಡಲಿಲ್ಲ. 1976ರಲ್ಲಿ ಜ್ಯೂರಿ ತಪ್ಪಿತಸ್ಥೆ ಅಂದಿತು, ಏಳು ವರ್ಷ ಶಿಕ್ಷೆಯಾಯಿತು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಶಿಕ್ಷೆ ತಗ್ಗಿಸಿದರು, 2001ರಲ್ಲಿ ಕ್ಲಿಂಟನ್ ಕ್ಷಮಾದಾನ ಕೊಟ್ಟರು. ತಿಂಗಳುಗಟ್ಟಲೆ ಕೂಡಿಹಾಕಿದ ಮನಸ್ಸು ಹೇಗೆ ಬಾಗುತ್ತದೆ ಅನ್ನುವುದನ್ನು ಅಳೆಯಲು ಆ ಕೋರ್ಟಿನ ಹತ್ತಿರ ಸರಿಯಾದ ಅಳತೆಗೋಲು ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರೂ ಬಹಳ ಜನ ಇದ್ದಾರೆ.

ಸೆಕ್ಷನ್ 32ರ ಅಳತೆಗೆ ಸಾಲದ ಬಲವಂತಕ್ಕೆ ಸಿಕ್ಕವರಿಗೆ ಇನ್ನೊಂದು ದಾರಿ ಇದೆ. ನಮ್ಮಲ್ಲಿ ಅದಕ್ಕೆ ಅಪ್ರೂವರ್ ಆಗುವುದು ಅನ್ನುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 343ರಲ್ಲಿ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವಂಥ ದೊಡ್ಡ ಕೇಸುಗಳಲ್ಲಿ, ಮ್ಯಾಜಿಸ್ಟ್ರೇಟರು ಒಬ್ಬ ಆರೋಪಿಗೆ ಕ್ಷಮೆ ಕೊಡಬಹುದು. ಷರತ್ತು ಒಂದೇ: ಗೊತ್ತಿರುವುದನ್ನೆಲ್ಲ, ತನ್ನ ಪಾಲೂ ಸೇರಿ, ಬಿಡದೆ ಹೇಳಬೇಕು. ಏನಾದರೂ ಮುಚ್ಚಿಟ್ಟರೆ ಅಥವಾ ಸುಳ್ಳು ಸೇರಿಸಿದರೆ ಸೆಕ್ಷನ್ 345ರ ಪ್ರಕಾರ ಅದೇ ಅಪರಾಧಕ್ಕೆ ಅವನ ಮೇಲೆ ಮತ್ತೆ ವಿಚಾರಣೆ ನಡೆಸಬಹುದು.